ಸೊಟ್ಟಗಿದ್ದದ್ದು ಒಳ್ಳೆಯ ಕೆನ್ನೆ

ನನ್ನ ಅತ್ತೆಯ ಯಾವ ಕೆನ್ನೆ ಸೋತಿತ್ತು, ಎಡವೋ ಬಲವೋ, ಈಗ ಹೇಳಲು ಬರುವುದಿಲ್ಲ. ತಿಂಗಳುಗಟ್ಟಲೆ ದಿನಾ ಆ ಮುಖದ ಮುಂದೆ ಕೂತವಳು ನಾನೇ. ಎದುರಿಗೆ ಕೂತದ್ದರಿಂದಲೇ ಈ ಗೊಂದಲ ಇದ್ದೀತು. ಗಂಡನನ್ನು ಕೇಳಿದರೆ ಎಡ ಎನ್ನುತ್ತಾರೆ. ಆದರೆ ಅವರಿಗೆ ಆಗ ಮಿಲ್ಲಿನಲ್ಲಿ ಪಾಳಿಯ ಕೆಲಸ, ತಾಯಿಯ ಮುಖ ನೋಡಿದ್ದೇ ಕಡಿಮೆ. ಹಾಗಾಗಿ ಎಡ ಬಲ ಬಿಡುತ್ತೇನೆ. ಸೋತ ಕೆನ್ನೆ, ಒಳ್ಳೆಯ ಕೆನ್ನೆ, ಅಷ್ಟು ಸಾಕು.

ಐವತ್ತರ ದಶಕದ ಕೊನೆಯ ಮಾತು. ನಾನು ಮದುವೆಯಾಗಿ ಸೊಲ್ಲಾಪುರಕ್ಕೆ ಬಂದು ವರ್ಷವಾಗಿರಲಿಲ್ಲ. ಅತ್ತೆ ಒಂದು ಕನ್ನಡ ಹೆಣ್ಣುಮಕ್ಕಳ ಶಾಲೆಯಲ್ಲಿ ಒಂದನೇ ಇಯತ್ತೆಗೆ ಕಲಿಸುತ್ತಿದ್ದರು. ಮಾವ ತೀರಿಕೊಂಡಾಗ ಅವರಿನ್ನೂ ಸಣ್ಣವರು. ಆಮೇಲೆ ಓದಿ, ಟ್ರೇನಿಂಗ್ ಮುಗಿಸಿ, ಆ ಒಂದನೇ ಇಯತ್ತೆ ಹಿಡಿದವರು ಮತ್ತೆ ಬಿಟ್ಟಿರಲಿಲ್ಲ. ಮೇಲಿನ ತರಗತಿ ಕೊಡುತ್ತೇವೆಂದರೂ ಬೇಡವೆಂದಿದ್ದರಂತೆ. ಅಕ್ಷರವೇ ಗೊತ್ತಿಲ್ಲದ ಹುಡುಗಿಯರು ಬೇಕಿತ್ತು ಅವರಿಗೆ.

ಆ ಸಲ ಅಕ್ಕಲಕೋಟೆಗೆ ತಮ್ಮನ ಮನೆಗೆ ಹೋದವರು ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿದರೆ ನೀರು ಒಂದು ಮಗ್ಗುಲಿಂದ ತಾನೇ ಸುರಿಯಿತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಒಂದು ಕಣ್ಣು ಮುಚ್ಚುತ್ತಿರಲಿಲ್ಲ. ತಮ್ಮನ ಹೆಂಡತಿ ಲಕ್ವಾ ಹೊಡೆದಿದೆ ಎಂದು ಅತ್ತು, ಮಠದ ಅಂಗಾರದ ಬೂದಿ ಹಚ್ಚಿದಳು. ಅಲ್ಲಿಂದ ಶುರುವಾಯಿತು ತಿಕ್ಕುವುದು. ಬಾಯಿ ಯಾವ ಕಡೆ ಸೊಟ್ಟಾಗಿದೆಯೋ ಆ ಕೆನ್ನೆಗೆ ಬಳ್ಳೊಳ್ಳಿ ಎಣ್ಣೆ, ಆ ಕೆನ್ನೆಗೆ ಬಿಸಿ ಎಕ್ಕೆ ಎಲೆ. ಅತ್ತೆಯೂ ಹಟದಿಂದ ಅದೇ ಕೆನ್ನೆಯನ್ನು ತಿಕ್ಕಿ ತಿಕ್ಕಿ ಸರಿಪಡಿಸಲು ನೋಡಿದರು. ಸೊಲ್ಲಾಪುರಕ್ಕೆ ಬಂದಾಗ ಆ ಕೆನ್ನೆ ಸುಟ್ಟು ಕೆಂಪಾಗಿತ್ತು, ಬಾಯಿ ಮಾತ್ರ ಇದ್ದಲ್ಲಿಯೇ ಇತ್ತು.

ಶಾಲೆಯ ಮುಖ್ಯ ಅಧ್ಯಾಪಿಕೆ ಮನೆಗೆ ಬಂದರು. ಕೆಟ್ಟವರಲ್ಲ. ಚಹಾ ಕುಡಿದು ಹೇಳಿದರು: "ಮುಖ ಸರಿ ಆಗೂತನಕ ಮನ್ಯಾಗ ಇರ್ರಿ ಅಕ್ಕಾರ. ಸಣ್ಣ ಹುಡಿಗ್ಯಾರು ಅಂಜತಾವ. ಅದ್ರಾಗ ನಿಮ್ಮ ಮಾತೂ ಸ್ಪಷ್ಟ ಬರವಲ್ದು. ದೀಪಾವಳಿ ಸೂಟಿ ಮುಗಿಯೂದ್ರಾಗ ಆದ್ರ ಛಲೋ. ಇಲ್ಲಾಂದ್ರ ಒಂದನೇತ್ತ ಬ್ಯಾರೇದವರಿಗೆ ಕೊಡಬೇಕಾಗ್ತದ."

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ಆಗಲ್ರಿ" ಎಂದರು. 'ಆಗಲ್ರಿ' ಎನ್ನುವುದಕ್ಕೆ ತುಟಿ ಕೂಡಿಸಬೇಕಾಗಿಲ್ಲ. ಆ ದಿನಗಳಲ್ಲಿ ತುಟಿ ಕೂಡದ ಮಾತುಗಳನ್ನೇ ಆರಿಸಿ ಆಡುತ್ತಿದ್ದರು ಎಂದು ಈಗ ಅನ್ನಿಸುತ್ತದೆ. ಆಗ ನಾನು ಗಮನಿಸಿದ್ದೆನೋ ಇಲ್ಲವೋ.

ದವಾಖಾನೆಯ ಹಿಂದಿನ ಖೋಲಿಯೊಂದರಲ್ಲಿ ಕರೆಂಟು ಕೊಟ್ಟು ವ್ಯಾಯಾಮ ಕಲಿಸುತ್ತಿದ್ದರು. ಮುಂಬಯಿಯಲ್ಲಿ ಕಲಿತು ಬಂದ ಮರಾಠಿ ಹುಡುಗಿ ಅಲ್ಲಿದ್ದಳು. ಬಂದವರೆಲ್ಲ ಅವಳನ್ನು ಕರೆಂಟಿನ ಅಕ್ಕ ಎನ್ನುತ್ತಿದ್ದರು. ನಾನು ಕರೆದುಕೊಂಡು ಹೋದಾಗ ಅವಳು ಅತ್ತೆಗೆ ಹಣೆ ಏರಿಸಲು, ಕಣ್ಣು ಮುಚ್ಚಲು, ಹಲ್ಲು ತೋರಿಸಲು ಹೇಳಿದಳು. ಆಮೇಲೆ ಕೆಂಪಾದ ಕೆನ್ನೆ ಮುಟ್ಟಿ, "ಹೇ ಕಾಯ್? ಇದಕ್ಕ ಯಾಕ ಇಷ್ಟು ಶಿಕ್ಷಾ ಕೊಟ್ಟೀರಿ?" ಎಂದಳು. ಕನ್ನಡ ಮರಾಠಿ ಕಲಸಿದ ಮಾತು ಅವಳದು.

"ಸೊಟ್ಟ ಆಗಿದ್ದು ಅದ ಅಲ್ರಿ?" ಎಂದೆ ನಾನು.

"ಸೊಟ್ಟ ಆಗಿದ್ದು ಛಲೋ ಬಾಜೂ. ಅದರಾಗ ತಾಕತ್ತ ಅದ, ಅದಕ್ಕ ಎಳೀತದ. ಸುಮ್ಮ ನೆಟ್ಟಗ ಕೂತದಲ್ಲ, ಅದರಾಗ ಜೀವ ಇಲ್ಲ."

ಇಷ್ಟು ದಿನ ಒಳ್ಳೆಯದನ್ನೇ ಸುಟ್ಟಿದ್ದೆವು. ನೆಟ್ಟಗಿದ್ದ ಕೆನ್ನೆಯಲ್ಲಿ ಒಂದು ಗೆರೆಯೂ ಇರಲಿಲ್ಲ. ಅದು ಅತ್ತೆಯ ಹರೆಯದ ಕೆನ್ನೆಯಂತೆ ಕಾಣುತ್ತಿತ್ತು. ಅತ್ತೆಯ ಹರೆಯ ನಾನು ನೋಡಿಲ್ಲ, ಆದರೂ ಹಾಗನ್ನಿಸಿತ್ತು.

ಒದ್ದೆ ಅರಿವೆ ಸುತ್ತಿದ ಕಡ್ಡಿಯಿಂದ ಕರೆಂಟು ಮುಟ್ಟಿಸಿದಾಗ ಸೋತ ಕೆನ್ನೆ ಕಪ್ಪೆಯಂತೆ ಒಮ್ಮೆ ಜಿಗಿದು ಮತ್ತೆ ಮಲಗಿತು. ಮಲಗುವಾಗ ಕಣ್ಣಿಗೆ ಮೆತ್ತನೆ ಅರಿವೆ ಕಟ್ಟಬೇಕು, ಇಲ್ಲದಿದ್ದರೆ ಒಣಗಿ ಹುಣ್ಣಾಗುತ್ತದೆ ಎಂದಳು. ಸೋತ ಕೆನ್ನೆಗೆ ಎರಡು ಬೆರಳಿನ ಆಸರೆ ಕೊಟ್ಟು, ಮೆಲ್ಲಗೆ, ಜೋರು ಮಾಡದೆ ತುಟಿ ಕೂಡಿಸಬೇಕು, ಗಲ್ಲ ಉಬ್ಬಿಸಬೇಕು. ಜೋರು ಮಾಡಿದರೆ ಒಳ್ಳೆಯ ಕೆನ್ನೆಯೇ ಎಲ್ಲ ಕೆಲಸ ಕಸಿದುಕೊಳ್ಳುತ್ತದೆ. ಎರಡೂ ಕಡೆ ಸಮ ಇದೆಯೋ ನೋಡುತ್ತ ಮಾಡಬೇಕು. ಹೀಗೆಂದು ಒಂದು ಕನ್ನಡಿ ಕೈಗೆ ಕೊಟ್ಟಳು.

ಅತ್ತೆ ಅದನ್ನು ಬೋರಲಾಗಿ ಮೇಜಿನ ಮೇಲಿಟ್ಟರು.

"ನಾ ಕನ್ನಡಿ ನೋಡಂಗಿಲ್ಲ ತಂಗಿ."

"ಯಾಕ?"

"ಅವ್ರು ಹ್ವಾದ ದಿನದಿಂದ ನೋಡಿಲ್ಲ. ಯಾರೂ ನನಗ ಹೇಳಿಲ್ಲ. ಖಾಲಿ ಹಣಿ ನೋಡೂದು ನನ್ನ ಕೈಲಿ ಆಗಂಗಿಲ್ಲ."

ಅಷ್ಟೂ ಮಾತಿನಲ್ಲಿ ಜೊಲ್ಲು ಸೋರುತ್ತಿತ್ತು. ಹುಡುಗಿ ವಾದ ಮಾಡಲಿಲ್ಲ. ನನ್ನ ಕಡೆ ತಿರುಗಿ, "ಸೂನ್ ಆಹೇ ನಾ," ಎಂದಳು, "ಸೊಸಿ ಅದಾಳಲ್ಲ. ಅಕಿ ಎದುರು ಕೂಡ್ಲಿ. ನೀವು ಮುಖ ಹ್ಯಾಂಗ ಮಾಡತೀರಿ, ಅಕಿ ಹಂಗ ಮಾಡಿ ತೋರಿಸ್ಲಿ."

ನಮ್ಮ ಮನೆಯಲ್ಲಿ ಸೊಸೆ ಅತ್ತೆಯ ಮುಖವನ್ನು ನೇರ ನೋಡಿ ಮಾತಾಡುವ ರೂಢಿ ಇರಲಿಲ್ಲ. ಅಲ್ಲಿಯವರೆಗೆ ನನಗೆ ಅವರ ಕೈ ಗೊತ್ತಿತ್ತು, ಸೀರೆಯ ಅಂಚು ಗೊತ್ತಿತ್ತು, ಸುಣ್ಣದ ಕಡ್ಡಿ ಹಿಡಿದು ಒರಟಾದ ಬೆರಳು ಗೊತ್ತಿತ್ತು. ಮೊದಲ ದಿನ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತೆವು. "ತಲಿ ಎತ್ತು," ಎಂದರು. ಎತ್ತಿದೆ. ಅವರು ನಗಲು ನೋಡಿದರು. ನನ್ನ ಮುಖದಲ್ಲಿ ಅದನ್ನೇ ತರಬೇಕಿತ್ತು: ಒಂದು ಕಣ್ಣು ತೆರೆದೇ ಇರಬೇಕು, ಒಂದು ಗಲ್ಲ ಜೋತಿರಬೇಕು, ಇನ್ನೊಂದು ಕಿವಿಯ ಕಡೆ ಓಡಬೇಕು. ತಂದುಕೊಂಡೆ.

ಅತ್ತೆ ನನ್ನನ್ನು ಬಹಳ ಹೊತ್ತು ನೋಡಿದರು.

"ಹಿಂಗದನ?"

"ಹೂಂರಿ."

"ಇಷ್ಟ ಅದನ?"

"ಇಷ್ಟರಿ."

ಇಷ್ಟೇ ಆದ ಮಾತು. ಅವರ ಕಣ್ಣಲ್ಲಿ ನೀರು ಬಂದದ್ದೂ ನೆನಪಿದೆ, ಆದರೆ ಆ ಕಣ್ಣು ದಿನವಿಡೀ ಸೋರುತ್ತಲೇ ಇತ್ತು. ಅವರು ಅತ್ತರು ಎಂದು ಬರೆಯಲು ನನಗೆ ಧೈರ್ಯವಿಲ್ಲ.

ವಾಡೆಯ ಎದುರು ಮನೆಯ ಮುದುಕಿ ಒಮ್ಮೆ ಹಿಟ್ಟಿನ ಜರಡಿ ಕೇಳಲು ಬಂದವಳು ಬಾಗಿಲಲ್ಲೇ ನಿಂತಳು. "ಯವ್ವಾ! ಅತ್ತಿ ಸೊಸಿ ಮಾರಿಗೆ ಮಾರಿ ಕೊಟ್ಟು ಅಣಕಿಸಾಕತ್ತೀರಿ? ನಮ್ಮನ್ಯಾಗ ಬೆನ್ನ ಹಿಂದ ಅಣಕಿಸತಾವ, ನಿಮ್ಮದ ಛಲೋ ಬಿಡ್ರಿ!" ಅತ್ತೆಗೆ ನಗು ತಡೆಯಲಾಗಲಿಲ್ಲ. ಅಂದು ಸೋತ ಕೆನ್ನೆಯ ತುದಿಯಲ್ಲಿ, ತುಟಿಯ ಮೂಲೆಯಲ್ಲಿ, ಎಳೆಯಷ್ಟು ಏನೋ ಅಲುಗಿತು. ನಾನು ಅದನ್ನು ಮಾಡಿ ತೋರಿಸಲು ಹೋಗಿ ಆಗದೆ, "ಬಂತ್ರಿ! ಬಂತ್ರಿ!" ಎಂದು ಕೂಗಿದೆನಂತೆ. ಮುದುಕಿ ಹೇಳಿದ್ದು. ನನಗೆ ಜರಡಿ ಮಾತ್ರ ನೆನಪಿದೆ.

ಆಮೇಲೆ ದಿನದಿನಕ್ಕೆ ಗುಣವಾಯಿತು ಎಂದರೆ ಓದಲು ಸರಾಗ, ಆದರೆ ಹಾಗಾಗಲಿಲ್ಲ. ಒಂದು ವಾರ ಬಂದದ್ದು ಮುಂದಿನ ವಾರ ಇರುತ್ತಿರಲಿಲ್ಲ. ಸೂಟಿ ಮುಗಿಯುವ ಹೊತ್ತಿಗೆ ಕಣ್ಣು ಮುಚ್ಚುತ್ತಿತ್ತು. ಸುಮ್ಮನೆ ಕೂತರೆ ಮುಖ ಸುಮಾರು ಸಮ. ನಕ್ಕರೆ ಮಾತ್ರ ಗೊತ್ತಾಗುತ್ತಿತ್ತು. ಪ, ಬ ಎನ್ನುವಾಗ ಸೋತ ಕಡೆಯಿಂದ ಗಾಳಿ ಜಾರುತ್ತಿತ್ತು.

"ಖರೇ ಹೇಳು. ಹೋಗಲ್ಯಾ?" ಎಂದು ಕೇಳಿದರು.

"ಪೂರಾ ಆಗಿಲ್ಲರಿ ಅತ್ತಿ. ಆದ್ರ ಹೋಗ್ರಿ."

ಶಾಲೆಗೆ ನಾನೂ ಜೊತೆಗೆ ಹೋದೆ. ಧೂಳಿನ ಗಾಳಿಯಲ್ಲಿ ಅವರ ಕಣ್ಣು ಇನ್ನೂ ಉರಿಯುತ್ತಿತ್ತು. ಒಂದು ಪಾಠ ಮಾಡಿ ತೋರಿಸಿರಿ ಎಂದು ಮುಖ್ಯ ಅಧ್ಯಾಪಿಕೆ ತರಗತಿಯ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಪಡಸಾಲೆಯ ಕಿಟಕಿಯ ಹತ್ತಿರ ನಿಂತೆ. ಅತ್ತೆ ಬೇರೆ ಯಾವ ಅಕ್ಷರದ ಸಾಲನ್ನಾದರೂ ಆರಿಸಬಹುದಿತ್ತು. ಹಲಗೆಯ ಮೇಲೆ 'ಪ' ಬರೆದರು. ತಿರುಗಿ, ಎರಡು ಬೆರಳು ಸೋತ ಕೆನ್ನೆಗೆ ಒತ್ತಿ, ಅವಸರವಿಲ್ಲದೆ ತುಟಿ ಕೂಡಿಸಿ, "ಪ" ಎಂದರು. ಸ್ಪಷ್ಟವಾಗಿತ್ತು.

ಇಡೀ ತರಗತಿ ಎರಡೆರಡು ಬೆರಳು ಕೆನ್ನೆಗೆ ಒತ್ತಿಕೊಂಡು "ಪ" ಎಂದಿತು. ಯಾರೂ ಅಂಜಲಿಲ್ಲ, ಯಾರೂ ನಗಲಿಲ್ಲ. ಆ ಅಕ್ಷರ ಹಾಗೆಯೇ ಹೇಳುವುದು ಎಂದುಕೊಂಡಿದ್ದರು.

ಮುಖ್ಯ ಅಧ್ಯಾಪಿಕೆ ಎದ್ದು ಹೊರಗೆ ಬಂದು, ನನ್ನ ಪಕ್ಕ ನಿಂತು ಕನ್ನಡಕ ಒರೆಸಿಕೊಂಡರು.

"ಇವು ಎರಡನೇತ್ತಕ್ಕ ಬಂದಾಗ ಗಲ್ಲದ ಮ್ಯಾಗಿನ ಕೈ ಬಿಡಸೋರು ಯಾರವಾ?" ಎಂದರು.

ಒಳಗೆ 'ಫ' ನಡೆದಿತ್ತು.