ವಿಸ್ಬಿಯ ರಾಟೆ ಮನೆ

ಉಮಾಕಾಂತ ಜುಲೈ ತಿಂಗಳ ಎರಡನೇ ಮಂಗಳವಾರ ಬೆಳಿಗ್ಗೆ ಸ್ವೀಡನ್ನಿನ ಶೋವ್ಡೆಯ ಆಸ್ಪತ್ರೆಯಲ್ಲಿ ತೀರಿಕೊಂಡ. ವಯಸ್ಸು ಐವತ್ತೆಂಟು. ಹೃದಯ ಸೋತಿತ್ತು.

ಆ ಊರಿನ ಇಂಜಿನ್ ಕಾರ್ಖಾನೆಯ ಅಳತೆ ವಿಭಾಗದಲ್ಲಿ ಅವನು ಹದಿನೆಂಟು ವರ್ಷ ದುಡಿದ. ಅಲ್ಲಿ ಒಂದು ಕಟ್ಟುನಿಟ್ಟಿದೆ. ಅಳೆಯುವ ಗೇಜೇ ತಪ್ಪು ತೋರಿಸುತ್ತಿದೆ ಎಂದು ಒಂದು ದಿನ ಗೊತ್ತಾದರೆ, ಅದು ಸರಿಯಿದ್ದ ಕೊನೆಯ ದಿನದಿಂದ ಈಚೆಗೆ ಅದರಲ್ಲಿ ಅಳೆದ ಒಂದೊಂದು ಭಾಗವನ್ನೂ ಹುಡುಕಿ ತೆಗೆದು ಮತ್ತೆ ನೋಡಬೇಕು. ಬಹುಪಾಲು ಸರಿಯೇ ಇದ್ದೀತು ಎಂದು ಸುಮ್ಮನಾಗುವ ಹಾಗಿಲ್ಲ.

ಕೆಲಸದಾಚೆ ಅವನಿಗಿದ್ದ ಹುಚ್ಚು ಒಂದೇ, ಗಾಟ್ಲಂಡ್ ದ್ವೀಪದ ವಿಸ್ಬಿ. ಎಂಟುನೂರು ವರ್ಷಗಳ ಹಿಂದೆ ಜರ್ಮನ್ ವರ್ತಕರು ಬಂದು ನೆಲೆಸಿ ಚರ್ಚು, ಉಗ್ರಾಣಗಳನ್ನು ಕಟ್ಟಿಸಿದ ಊರು. ಪ್ರತಿ ಜೂನ್‌ನಲ್ಲಿ ಕನ್ನಡದ ಹದಿನೈದಿಪ್ಪತ್ತು ಜನರನ್ನು ಹಡಗು ಹತ್ತಿಸಿಕೊಂಡು ಹೋಗುತ್ತಿದ್ದ. ಸಂತ ಮರಿಯಾ ಚರ್ಚಿನ ನೆಲದಲ್ಲಿ ಜರ್ಮನಿಯ ಲ್ಯೂಬೆಕ್‌ನಿಂದ ಬಂದ ಹಳೆಯ ವರ್ತಕರ ಗೋರಿಕಲ್ಲುಗಳಿವೆ. "ಮೆತ್ತಗೆ ನಡೀರಪ್ಪಾ, ಲ್ಯೂಬೆಕ್‌ನೋರು ಮಲಗಿದಾರೆ" ಎಂದು ಪಿಸುಗುಟ್ಟುತ್ತಿದ್ದ. ಕೋಟೆಗೋಡೆಯ ಗೋಪುರಗಳನ್ನೂ ಸೂರು ಕಳೆದುಕೊಂಡ ಚರ್ಚುಗಳನ್ನೂ ತೋರಿಸಿ, ಕೊನೆಗೆ ಒಂದು ಸುಣ್ಣಕಲ್ಲಿನ ಮನೆಯ ಮುಂದೆ ಎಲ್ಲರನ್ನೂ ನಿಲ್ಲಿಸುತ್ತಿದ್ದ. ಅದರ ನೆತ್ತಿಯಲ್ಲಿ ಹೊರಚಾಚಿದ ತೊಲೆ, ತೊಲೆಯ ತುದಿಗೆ ರಾಟೆ. ವರ್ತಕರು ಮೇಣ, ತೊಗಲು, ಬಟ್ಟೆಗಳನ್ನು ಅಟ್ಟಕ್ಕೆ ಏರಿಸುತ್ತಿದ್ದುದು ಹೀಗೆ ಎಂದು ಹೇಳಿ, ದನಿ ತಗ್ಗಿಸುತ್ತಿದ್ದ. "ನಮ್ಮ ಕರಾವಳಿ ಮೆಣಸು ಕೂಡ ಇದೇ ರಾಟೇಲಿ ಮೇಲೆ ಹೋಗಿದೆ!" ಜನ ಚಪ್ಪಾಳೆ ಹೊಡೆದು, ಮಕ್ಕಳನ್ನು ರಾಟೆಯ ಕೆಳಗೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು.

ಏಳು ವರ್ಷ ಹೀಗೇ ನಡೆಯಿತು. ಈ ಜೂನ್‌ನಲ್ಲಿ, ಆ ಮನೆಯ ಎದುರಿನ ಬೆಂಚಿನಲ್ಲಿ ಕೂತಿದ್ದ ತೊಂಬತ್ತರ ಹತ್ತಿರದ ಅಜ್ಜಿಯೊಬ್ಬರು ಇಷ್ಟು ಖುಷಿಯಿಂದ ಏನು ಹೇಳುತ್ತಿದ್ದೀಯ ಎಂದು ಸ್ವೀಡಿಷ್‌ನಲ್ಲಿ ಕೇಳಿದರು. ಅವನು ವಿವರಿಸಿದ. ಅಜ್ಜಿಗೆ ನಗು ತಡೆಯಲಾಗಲಿಲ್ಲ. "ಆ ರಾಟೆ ಹಾಕಿಸಿದ್ದು ನಮ್ಮಪ್ಪ. ಸೌದೆ ಏರಿಸೋಕೆ!" ಅವರ ಹೆಸರು ಗುನ್‌ಬ್ರಿಟ್. ಹುಟ್ಟಿ ಬೆಳೆದದ್ದು ಆ ಮನೆಯಲ್ಲೇ.

ಉಮಾಕಾಂತ ಅಲ್ಲೇ ಎಲ್ಲರಿಗೂ ಅದನ್ನು ಹೇಳಿದ. ಎಲ್ಲರೂ ನಕ್ಕರು. ಸಂಜೆ ಒಬ್ಬನೇ ಹೋಗಿ ಅಜ್ಜಿಯ ಜೊತೆ ಕಾಫಿ ಕುಡಿದು, ಪೂರ್ತಿ ಕಥೆ ಕೇಳಿಕೊಂಡು ಬಂದ. ಶೋವ್ಡೆಗೆ ಮರಳಿದ ಮೇಲೆ ಹಡಗಿನ ಹಳೆಯ ಟಿಕೆಟ್‌ಗಳನ್ನು ಹುಡುಕಿ, ಏಳು ವರ್ಷಗಳಲ್ಲಿ ಬಂದಿದ್ದವರ ಹೆಸರುಗಳನ್ನು ಪಟ್ಟಿ ಮಾಡಿದ. ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದ.

"ವಾಟ್ಸಾಪ್ ಗ್ರೂಪಲ್ಲಿ ಒಂದು ಮೆಸೇಜ್ ಹಾಕಿಬಿಡ್ರೀ, ಮುಗೀತು" ಎಂದರು ಹೆಂಡತಿ ಅನುರಾಧಾ.

"ಹಾಕಿದ್ರೆ ಹೆಬ್ಬೆಟ್ಟು ಒತ್ತುತಾರೆ. ಓದಲ್ಲ."

"ಅಷ್ಟಕ್ಕೂ ಏನಾಯ್ತೀಗ? ಮೆಣಸು ತಾನೇ? ಯಾರಿಗ್ ನಷ್ಟ?"

"ತೊಲೆ ವಿಷಯ ಗೊತ್ತಿಲ್ದೆ ಹೇಳಿದ್ದು. ಮೆಣಸು ಹಾಗಲ್ಲ ಅನೂ. ಅದು ಎಲ್ಲೂ ಬರೆದಿರಲಿಲ್ಲ. ಜನ ಖುಷಿ ಪಡ್ತಾರೆ ಅಂತ ನಾನೇ ಸೇರಿಸಿದ್ದು."

ಕೆಲವರಿಗೆ ರಾಟೆಯ ನೆನಪೇ ಇರಲಿಲ್ಲ. "ಸಾರ್, ನಿಮ್ ಆರೋಗ್ಯ ಸರಿಯಿದೆ ತಾನೆ?" ಎಂದು ಒಬ್ಬ ಕೇಳಿದ. ಸರಿಯಿರಲಿಲ್ಲ. ಫೋನ್ ಮಾಡಲು ಶುರುಮಾಡಿದ ಎರಡನೇ ವಾರ ಎದೆನೋವು ಬಂದು ಆಸ್ಪತ್ರೆ ಸೇರಿದ. ಪಟ್ಟಿಯೂ ಜೊತೆಗೆ ಹೋಯಿತು.

ತೀರಿಕೊಳ್ಳುವ ಹಿಂದಿನ ದಿನ, ಸೋಮವಾರ ಮಧ್ಯಾಹ್ನ, ಗೆಳೆಯ ರಾಮದಾಸನ ಸರದಿ ಬಂತು. ರಾಮದಾಸ ಗಹಗಹಿಸಿ ನಕ್ಕ. "ನಂಗ್ ಹೇಳಿ ಏನ್ ಬಂತೋ? ನನ್ ಮಗಳು ತಾನ್ಯಾ ಈ ಬೇಸಿಗೆ ವಿಸ್ಬಿಯಲ್ಲೇ ಗೈಡ್ ಆಗಿದಾಳೆ. ನಿನ್ ಮೆಣಸಿನ ಕಥೆ ದಿನಕ್ಕೆರಡು ಸಲ ಹೇಳ್ತಾಳೆ, ಗೊತ್ತಾ?"

ಉಮಾಕಾಂತನಿಗೆ ನಗು ಬರಲಿಲ್ಲ. ಹನ್ನೆರಡು ವರ್ಷದ ತಾನ್ಯಾ ಮೊದಲ ಸಲದ ಪ್ರವಾಸದಲ್ಲಿ ರಾಟೆಯ ಕೆಳಗೆ ಬಾಯಿಬಿಟ್ಟುಕೊಂಡು ನಿಂತಿದ್ದುದು ಅವನಿಗೆ ಚೆನ್ನಾಗಿ ನೆನಪಿತ್ತು. ಅವಳ ನಂಬರ್ ಬರೆದುಕೊಂಡ.

"ನಾಳೆ ಮಾಡಿದ್ರಾಯ್ತು, ಡಾಕ್ಟರ್ ಜಾಸ್ತಿ ಮಾತಾಡಬಾರದು ಅಂದಿದಾರೆ" ಎಂದರು ಅನುರಾಧಾ.

"ಇವತ್ತು ಸಂಜೇನೂ ಅವಳು ಅದನ್ನ ಹೇಳ್ತಾಳೆ ಕಣೇ."

ತಾನ್ಯಾ ಫೋನ್ ಎತ್ತಿದಳು. "ಅಂಕಲ್! ಹೇಗಿದೀರಾ? ನಾನೀಗ ಟೂರ್‌ಗೆ ಹೊರಟೆ."

"ನನ್ ವಿಷಯ ಬಿಡು. ರಾಟೆ ಮನೆ ಮುಂದೆ ಏನ್ ಹೇಳ್ತೀಯಾ?"

"ನಿಮ್ಮ ಪೆಪ್ಪರ್ ಸ್ಟೋರಿ! ಅದೇ ನನ್ ಬೆಸ್ಟ್ ಸ್ಟಾಪ್."

"ಅದು ಸುಳ್ಳು ಪುಟ್ಟಾ. ನಾನ್ ಕಟ್ಟಿದ್ದು. ಆ ರಾಟೆ ಹಾಕಿಸಿದ್ದು ಸೌದೆ ಏರಿಸೋಕೆ."

"ಮತ್ತೆ ಅಲ್ಲಿ ಏನ್ ಹೇಳ್ಲಿ? ಸೌದೆ ಅಂತಾನಾ? ಯಾರೂ ಫೋಟೋನೂ ತೆಗಿಯಲ್ಲ ಅಂಕಲ್."

ಆಗ ಅವನು ಗುನ್‌ಬ್ರಿಟ್ ಹೇಳಿದ್ದನ್ನು ಹೇಳಿದ. ನಿಧಾನವಾಗಿ, ನಡುನಡುವೆ ಉಸಿರು ತೆಗೆದುಕೊಳ್ಳುತ್ತ. ಸಾವಿರದ ಒಂಬೈನೂರ ನಲವತ್ತೆರಡು, ಯುದ್ಧದ ಕಾಲದ ಚಳಿಗಾಲ, ಕಲ್ಲಿದ್ದಲು ಬರುತ್ತಿರಲಿಲ್ಲ. ಬೀದಿಯವರಿಗೆಲ್ಲ ಸೌದೆ ಒಣಗಿಸಲು ಬೇಕರಿ ನಡೆಸುತ್ತಿದ್ದ ಅವರಪ್ಪನ ಅಟ್ಟವೇ ಗತಿ. ಹೆಂಗಸರು ಸಾಲಾಗಿ ನಿಂತು ಹಗ್ಗ ಎಳೆಯುತ್ತಿದ್ದರು. ಒಮ್ಮೆ ಐದು ವರ್ಷದ ಗುನ್‌ಬ್ರಿಟ್ ಹೊರೆಯ ಮೇಲೆ ಕೂತು ಅಟ್ಟದವರೆಗೂ ಹೋಗಿಬಿಟ್ಟಿದ್ದಳು. ಮೇಲಿಂದ ಅವಳು ಕೈಬೀಸುವವರೆಗೆ ಯಾರಿಗೂ ಗೊತ್ತಾಗಲಿಲ್ಲ.

"ವೇಟ್, ಅವರು ಈಗ್ಲೂ ಇದಾರಾ?"

"ಮಧ್ಯಾಹ್ನ ಎದುರಿನ ಬೆಂಚಲ್ಲಿ ಕೂತಿರ್ತಾರೆ. ಹೋಗಿ ನೀನೇ ಕೇಳು. ಈಗ ನಂಗೊಂದ್ಸಲ ಹೇಳು ನೋಡೋಣ."

ಅವಳು ಸ್ವೀಡಿಷ್‌ನಲ್ಲಿ ಹೇಳಿದಳು. ರಾಟೆ ಹಾಕಿಸಿದ್ದು ನಲವತ್ತರಲ್ಲಿ ಎಂದಳು. "ನಲವತ್ತೆರಡು" ಎಂದು ತಿದ್ದಿ, ಮೊದಲಿನಿಂದ ಹೇಳಿಸಿದ. ಈ ಸಲ ಅವಳು ತಪ್ಪಲಿಲ್ಲ.

"ಹ್ಞೂಂ. ಹೋಗು, ಜನ ಕಾಯ್ತಿರ್ತಾರೆ" ಎಂದು ಫೋನ್ ಇಟ್ಟ.