ನೀಲಿಗಟ್ಟಿದ ಉಳಿ

ಸಿಡುಬಿನಿಂದ ಪ್ರಲ್ಹಾದನ ಎರಡೂ ಕಣ್ಣು ಹೋದ ಮೇಲೆ ಗಂಡ ಹೆಂಡತಿ ಜಾಗ ಬದಲಿಸಿ ಕೂತರು. ಗೋಕಾಕದಿಂದ ಪುಣೆಯ ಕಸಬಾ ಪೇಟೆಗೆ ಬಂದ ಹನ್ನೊಂದು ವರ್ಷವೂ ರಂಗೂಬಾಯಿ ತಿರುಗಣಿಯ ಹಗ್ಗ ಎಳೆದಿದ್ದಳು. ಪ್ರಲ್ಹಾದ ತಿರುಗುವ ಕಟ್ಟಿಗೆಗೆ ಉಳಿ ಹಿಡಿದು ಲಟ್ಟಣಿಗೆ, ಮಂಚದ ಕಾಲು ಕಡೆದಿದ್ದ. ಈಗ ಹಗ್ಗ ಅವನ ಕೈಗೆ ಬಂತು, ಉಳಿ ಇವಳ ಕೈಗೆ.

ಕಡೆಯುವುದಕ್ಕಿಂತ ಮಸೆಯುವುದೇ ಅವಳಿಗೆ ಕಷ್ಟವಾಯಿತು. ಮೊಂಡು ಉಳಿಗೆ ಸಿಪ್ಪೆ ಏಳುತ್ತಿರಲಿಲ್ಲ, ಬರೀ ಪುಡಿ ಉದುರುತ್ತಿತ್ತು. ಸದ್ದು ಕೇಳಿದೊಡನೆ ಪ್ರಲ್ಹಾದ ಹಗ್ಗ ನಿಲ್ಲಿಸಿ, "ಮೊಂಡಾತು" ಅನ್ನುತ್ತಿದ್ದ. ದಿನಕ್ಕೆ ಇಪ್ಪತ್ತು ಸಲ.

ಒಂದು ಮಧ್ಯಾಹ್ನ ಬೇಸತ್ತು, ನೀರನ್ನೂ ಹಾಕದೆ, ಅವಳು ಉಳಿಯನ್ನು ಸಾಣೆಚಕ್ರಕ್ಕೆ ಒತ್ತಿ ಹಿಡಿದೇ ಇದ್ದಳು. ತುದಿ ನೀಲಿಗಟ್ಟಿತು. ಹಾಗಾದರೆ ಉಕ್ಕಿನ ಗಡಸು ಹೋಯಿತೆಂದು ಅವನು ಮೊದಲ ದಿನವೇ ಹೇಳಿದ್ದ.

ಚಕ್ರ ತಿರುವುತ್ತಿದ್ದವನು ಕೇಳಿದ: "ಬಣ್ಣ ಬದಲಾತೇನು?"

"ಇಲ್ರಿ."

ಆಮೇಲೆ ಆ ಉಳಿ ಎಷ್ಟು ಮಸೆದರೂ ಎರಡು ಲಟ್ಟಣಿಗೆಗೆ ಮೊಂಡಾಗುತ್ತಿತ್ತು. ಉಳಿ ಮಾಡಿಕೊಟ್ಟ ಕಮ್ಮಾರ ಅವಧೂತ ಮೋಸ ಮಾಡಿದನೆಂದು ಪ್ರಲ್ಹಾದ ಸಿಟ್ಟಾದ. ಅವಳು ಬೇಡವೆಂದರೂ ಕೇಳದೆ ಅವಳ ಹೆಗಲು ಹಿಡಿದು ಕುಲುಮೆಗೆ ಹೋಗಿ, ಗಿರಾಕಿಗಳೆದುರು ಬಾಯಿಗೆ ಬಂದಂತೆ ಬೈದ. ಅವಧೂತ ಉಳಿಯನ್ನು ತಿರುಗಿಸಿ ನೋಡಿದ. ಉಕ್ಕು ಚೆನ್ನಾಗಿಯೇ ಇತ್ತು ದಾದಾ, ಸಾಣೆಯಲ್ಲಿ ಸುಟ್ಟಿದ್ದೀರಿ, ನೀಲಿ ಇನ್ನೂ ಕಾಣುತ್ತಿದೆ ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದ. ಯಾರೋ ನಕ್ಕರು.

ಬರುವಾಗ ಪ್ರಲ್ಹಾದ ಅವಳ ಹೆಗಲಿಗೆ ಕೈ ಇಡಲಿಲ್ಲ. ಗೋಡೆ ಸವರಿಕೊಂಡು ನಡೆದ, ಎರಡು ಕಡೆ ಎಡವಿದ, ಹಿಡಿಯಲು ಹೋದ ಅವಳ ಕೈ ಕೊಡವಿದ. ಮನೆಯಲ್ಲಿ ಕೂತ ಮೇಲೆ ಅಂದ: "ಉಳಿ ಹೋದ್ರ ಹೋಗ್ಲಿ. ನೀನ ಸುಳ್ಳು ಹೇಳಿದ್ರ ನಾ ಯಾರನ್ನ ಕೇಳ್ಲಿ?"



ಮರುದಿನದಿಂದ ಅವಳು ಅವಸರ ಬಿಟ್ಟಳು. ಉಳಿಯ ಇಳಿಜಾರಿಗೆ ಕಾಡಿಗೆ ಹಚ್ಚಿ, ಸಾಣೆಕಲ್ಲು ಅದನ್ನು ಎಲ್ಲಿ ಅಳಿಸಿದೆಯೆಂದು ನೋಡಿ ಕೈಯ ಓರೆ ತಿದ್ದಿಕೊಂಡಳು. ಕ್ಷಣ ಹಿಡಿದು ನೀರಿಗೆ ಅದ್ದುವಳು. ತಪ್ಪಿದಾಗೆಲ್ಲ ತಾನಾಗಿಯೇ ಹೇಳುವಳು. ಅವನು ಹೂಂ ಅನ್ನುವನು, ಅಷ್ಟೇ. ಗಣೇಶ ಚೌತಿಯ ಹೊತ್ತಿಗೆ ಉದ್ದ ಸಿಪ್ಪೆ ಸುರುಳಿ ಸುರುಳಿಯಾಗಿ ಅವಳ ಮಡಿಲಿಗೆ ಬೀಳತೊಡಗಿತು. ಅವನ ಮುಖ ಮಾತ್ರ ಅರಳಲಿಲ್ಲ.

ಅದು ಹತ್ತೊಂಬತ್ತುನೂರ ಹದಿನೆಂಟು. ದಸರೆ ಹೊತ್ತಿಗೆ ಊರಿಗೆಲ್ಲ ಜ್ವರ ಹಬ್ಬಿತು. ಪ್ರಲ್ಹಾದ ಮಲಗಿದ ಐದನೆಯ ದಿನ ತೀರಿಕೊಂಡ.

ಹದಿಮೂರನೆಯ ದಿನಕ್ಕೆ ಬಂದ ಮೈದುನ ಮಾರ್ತಾಂಡ ಮಾರಲೆಂದು ತಿರುಗಣಿಯನ್ನು ಬಿಚ್ಚತೊಡಗಿದ. "ಇದನ್ನಿಟ್ಕೊಂಡು ಏನ್ಮಾಡ್ತೀರಿ, ವೈನಿ?"

"ಕಡೀತೀನಿ."

"ಹಗ್ಗ ಯಾರು ಎಳೀತಾರ?"

ಅದೇ ಜ್ವರಕ್ಕೆ ಗಂಡನನ್ನೂ ಮಗಳನ್ನೂ ಕಳೆದುಕೊಂಡಿದ್ದ ಪಕ್ಕದ ಖೋಲಿಯ ಗೋದಾ ಹೊಸ್ತಿಲಲ್ಲಿ ಕೂತಿದ್ದಳು.

"ನಾ ಎಳೀತೀನಿ" ಅಂದಳು.

ಮಾರ್ತಾಂಡ ಬಿಚ್ಚಿದ್ದನ್ನು ಅಲ್ಲೇ ಬಿಟ್ಟು, ಉಣ್ಣದೆ ಎದ್ದು ಹೋದ. ಆ ಚಳಿಗಾಲ ಇಬ್ಬರೂ ಎದುರುಬದುರು ಕೂತು, ಹೆಚ್ಚು ಮಾತಿಲ್ಲದೆ, ಲಟ್ಟಣಿಗೆ ಕಡೆದರು. ಎರಡು ಹೊಟ್ಟೆ ತುಂಬಿದವು.