ಹೈವೇ ದಾಟಿದ ಮಳೆಗಾಲ

ಆಗ ನಮ್ಮೂರ ಹೈವೇಗೆ ಎರಡೇ ಗಾಡಿಗಳ ಅಗಲ. ನೆನಪಿನಲ್ಲಿ ಅದಿನ್ನೂ ಒದ್ದೆಯಾಗಿಯೇ ಇದೆ. ಅಂಚಿನ ಕೆಂಪು ನೀರು ಟಾರಿನ ಮೇಲೆ ಹರಿಯುತ್ತಲೇ ಇದೆ. ಉಳಿದದ್ದರಲ್ಲಿ ಕಂಡದ್ದೆಷ್ಟು, ಹೇಳಿ ಹೇಳಿ ಬೆಳೆದದ್ದೆಷ್ಟು, ನನಗೆ ಖಾತ್ರಿಯಿಲ್ಲ.

ನಾನು ಎಂಟನೇ ಕ್ಲಾಸು. ಧಾರೇಶ್ವರದಲ್ಲಿ ನಮ್ಮ ಮನೆ ಸಮುದ್ರದ ಕಡೆ, ಹೈಸ್ಕೂಲು ಹೈವೇಯ ಆಚೆ. ಶಾಲೆಯಲ್ಲಿ ಸೈಕಲ್ ಕೊಟ್ಟಿದ್ದರು. ಮರಳಿನ ದಾರಿಯಲ್ಲಿ ಬಿದ್ದು ಎದ್ದು ತುಳಿಯಲು ಕಲಿತಿದ್ದೆ. ಆದರೆ ಅಮ್ಮನ ಷರತ್ತು ಬೇರೆಯಿತ್ತು.

“ಹೈವೇ ದಾಟೂಕೆ ಬಂದ್ರೆ ಸೈಕಲ್ಲು. ಇಲ್ದಿದ್ರೆ ಭಟ್ಕಳಕ್ಕೆ ನಿನ್ನ ಅತ್ತೆ ಮನೆಗೆ ಹೋಗು. ಅಲ್ಲಿ ಮನೆ ಬಾಗ್ಲಲ್ಲೇ ಶಾಲೆ.”

ಅತ್ತೆ ಒಳ್ಳೆಯವಳೇ. ಆದರೆ ಅವಳ ಮನೆಯಲ್ಲಿ ಮಲಗಿದರೆ ಸಮುದ್ರ ಕೇಳಿಸುತ್ತಿರಲಿಲ್ಲ.

ಅಪ್ಪ ಹೊನ್ನಾವರದ ಬೋಟಿನಲ್ಲಿ ದುಡಿಯುತ್ತಿದ್ದ. ಮಳೆಗಾಲದಲ್ಲಿ ಮೀನುಗಾರಿಕೆ ಬಂದ್, ಬೋಟುಗಳೆಲ್ಲ ದಡದಲ್ಲಿ. ಹಾಗಾಗಿ ದಾಟಲು ಕಲಿಸುವ ಕೆಲಸ ಅವನ ಪಾಲಿಗೆ ಬಂತು. ಗಂಜಿ, ಒಣಸೀಗಡಿ ಚಟ್ನಿ ಉಂಡು, ಕೊಡೆ ಹಿಡಿದು ನನ್ನ ಹಿಂದೆ ಬರುತ್ತಿದ್ದ. ಹೈವೇಯೂ ಅವನಿಗೆ ಅಳಿವೆಯೇ, ನದಿ ಸಮುದ್ರ ಸೇರುವ ಆ ಬಾಯಿ.

“ಬರೋ ತೆರೆ ನೋಡ್ಕಂಡು ಹೆದ್ರೂದಲ್ಲ. ಅದು ಹೋಗ್ತದೆ. ಅದ್ರ ಹಿಂದೆ ಜಾಗ ಎಷ್ಟಿದೆ ನೋಡು.”

“ಲಾರಿ ತೆರೆಯಾ ಅಪ್ಪ?”

“ತೆರೆಗೆ ಹಾರ್ನ್ ಇಲ್ಲ, ಅಷ್ಟೇ.”

ಒಂದು ಸಂಜೆ, ಬಸ್ಸೊಂದು ನೀರೆರಚಿ ಹೋದ ಕೂಡಲೇ ನಾನು ಹೊರಟೆ. ನಡುವೆ ತಲುಪಿದಾಗ ತುಳಿತ ನಿಧಾನವಾಯಿತು. ಹಿಂದಿನಿಂದ ಅಪ್ಪ ಕೂಗಿದ: “ಆತು, ಆತು!”

ಅಳಿವೆಯಲ್ಲಿ ಬೋಟಿನವರು ಹಾಗೆಂದರೆ, ತೆರೆ ದಾಟಿತು, ಇಂಜಿನ್ ಜೋರು ಮಾಡು ಎಂದರ್ಥ. ನನಗೆ ಗೊತ್ತಿದ್ದದ್ದು ಊಟದ ಹೊತ್ತಿನ ‘ಆತು’. ಅಮ್ಮ ಮತ್ತೆ ಬಡಿಸಲು ಬಂದಾಗ ಬಟ್ಟಲಿಗೆ ಕೈ ಅಡ್ಡ ಹಿಡಿದು ಹೇಳುವುದು, ಸಾಕು ಎಂದು. ನಾನು ಬ್ರೇಕ್ ಹಿಡಿದೆ. ಹೈವೇಯ ನಟ್ಟನಡುವೆ ಕಾಲೂರಿ ನಿಂತೆ. ಕುಮಟೆಯ ಕಡೆಯಿಂದ ಲಾರಿ ಬರುತ್ತಿತ್ತು. ಮಳೆಯಲ್ಲಿ ಅದರ ದೀಪಗಳು ಹಿಗ್ಗುತ್ತ, ಕರಗುತ್ತ, ಮತ್ತೆ ಹಿಗ್ಗುತ್ತ ನನ್ನ ಮುಖದ ಮೇಲೆಯೇ ಬಂದಂತಾಯಿತು.

“ಹೋಗೇ! ನಿಂತ್ಕಂಡು ಎಂತ ಮಾಡ್ತಿ?”

ಹೇಗೆ ದಾಟಿದೆನೋ.

ವಿಷಯ ತಿಳಿದು ಅಮ್ಮ ಒಲೆಯ ಮುಂದಿನಿಂದಲೇ ಹೇಳಿದಳು: “ಆತು ಅಂದ್ರೆ ನಿಲ್ಲುದಾ, ಹೋಗುದಾ ಅಂತ ಅಪ್ಪ ಮಗ್ಳು ಮೊದ್ಲು ಮಾತಾಡ್ಕಣಿ. ನಾಳೆ ನಾನೇ ಬಂದು ನೋಡ್ತೆ. ಆಗ್ಲಿಲ್ಲ ಅಂದ್ರೆ ಭಟ್ಕಳ.”

ಮರುದಿನ ಅಮ್ಮನೂ ಬಂದು ನಿಂತಳು. ಬಲಕ್ಕೆ ನೋಡಿದೆ, ಎಡಕ್ಕೆ ನೋಡಿದೆ, ಮತ್ತೆ ಬಲಕ್ಕೆ. ಟೆಂಪೋ ಹೋಯಿತು, ಬೈಕು ಹೋಯಿತು. ಹಿಂದಿನಿಂದ ಯಾವ ದನಿಯೂ ಇಲ್ಲ. ಬೈಕಿನ ಹಿಂದೆ ಜಾಗ ಕಂಡಿತು. ನನಗೆ ನಾನೇ “ಆತು” ಅಂದುಕೊಂಡು, ನಿಲ್ಲದೆ ತುಳಿದೆ. ಆಚೆ ತಲುಪಿ ತಿರುಗಿ ನೋಡಿದರೆ ಅಮ್ಮ ಆಗಲೇ ಮನೆಯ ಕಡೆ ಹೊರಟಿದ್ದಳು. ಭಟ್ಕಳದ ಮಾತು ಮತ್ತೆ ಬರಲಿಲ್ಲ.

ಈಗ ಅಲ್ಲಿ ನಾಲ್ಕು ಪಥದ ರಸ್ತೆ, ನಡುವೆ ಕಟ್ಟೆ. ಎದುರಿಗೇ ಕಾಣುವ ಹೈಸ್ಕೂಲಿಗೆ ಹೋಗಲು ಮೊದಲು ಕಟ್ಟೆಯಲ್ಲಿ ಸಂದು ಸಿಗುವವರೆಗೆ ಅದಕ್ಕೆ ಬೆನ್ನು ಹಾಕಿ ಹೋಗಬೇಕು. ಮಕ್ಕಳು ವ್ಯಾನಿನಲ್ಲಿ ಹೋಗುತ್ತಾರೆ. ಇದನ್ನು ಬರೆಯುವ ಮೊದಲು ಅಪ್ಪನನ್ನು ಕೇಳಿದೆ, ಅವತ್ತು ಲಾರಿ ಎಷ್ಟು ಹತ್ತಿರ ಬಂದಿತ್ತು ಎಂದು. ಅಪ್ಪ ನಕ್ಕ.

“ಹತ್ರ ಎಲ್ಲಿ ಮಾರಾಯ್ತಿ? ಅದಿನ್ನೂ ತಿರುವಲ್ಲಿತ್ತು. ನೀ ಇಳ್ದು ಸೈಕಲ್ ದೂಡ್ಕಂಡು ಹೋಗಿದ್ರೂ ಆಗ್ತಿತ್ತು.”

ಇರಬಹುದು. ಸೈಕಲ್ ದೂಡಿಕೊಂಡು ದಾಟುವಷ್ಟು ದೂರದ ಲಾರಿ ಈಗ ನಮ್ಮ ರಸ್ತೆಯಲ್ಲಿ ಸಿಗುವುದಿಲ್ಲ.